ಸುಸ್ಥಿರತಾ ಯೋಜನೆ ಇರಬೇಕಾದ ಜಾಗ ಟೆಂಡರ್ ಕಡತ

ಪ್ರಶ್ನೆ: ನಾನು ಸರ್ಕಾರಿ ಸಾರಿಗೆ ಸಂಸ್ಥೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಎಂಜಿನಿಯರ್ ಆಗಿದ್ದೇನೆ. ರಸ್ತೆ, ಸೇತುವೆ, ಬಸ್ ಸೇವೆ ಮೂರೂ ನಮ್ಮ ವ್ಯಾಪ್ತಿಗೆ ಬರುತ್ತವೆ. ಆರು ತಿಂಗಳೊಳಗೆ ಸಂಸ್ಥೆಗೆ ಒಂದು ಸುಸ್ಥಿರತಾ ಯೋಜನೆ ಸಿದ್ಧಪಡಿಸುವಂತೆ ನನಗೆ ಸೂಚನೆ ಬಂದಿದೆ. ಬೇರೆ ಸಂಸ್ಥೆಗಳ ಯೋಜನೆಗಳನ್ನು ತರಿಸಿಕೊಂಡು ಓದಿದೆ. ಎಲ್ಲದರಲ್ಲೂ ಗಿಡ ನೆಡುವುದು, ಕಚೇರಿಯ ಚಾವಣಿಗೆ ಸೌರಫಲಕ, ವಿದ್ಯುತ್ ಬಸ್ಸು ಇವೇ ಇವೆ. ನಾವು ದಿನವೂ ಮಾಡುವ ಕೆಲಸಕ್ಕೂ ಇವುಗಳಿಗೂ ಹೆಚ್ಚಿನ ಸಂಬಂಧ ಕಾಣುತ್ತಿಲ್ಲ. ಸಹೋದ್ಯೋಗಿಗಳಂತೂ ಇದು ಇನ್ನೊಂದು ವರದಿ ಎಂದು ಸುಮ್ಮನಾಗಿದ್ದಾರೆ. ಎಲ್ಲಿಂದ ಆರಂಭಿಸಲಿ? ಯಾವುದನ್ನು ಅಳೆಯಲಿ? ವಿದ್ಯುತ್ ಬಸ್ಸುಗಳಿಂದಲೇ ಶುರು ಮಾಡುವುದು ಸರಿಯೇ?

ಉತ್ತರ: ನಿಮ್ಮ ಸಹೋದ್ಯೋಗಿಗಳ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಸಾರಿಗೆ ಯೋಜನೆಯ ಕೆಲಸದಲ್ಲಿ ನಾನು ಓದಿದ ಸುಸ್ಥಿರತಾ ಯೋಜನೆಗಳಲ್ಲಿ ಹೆಚ್ಚಿನವು ಬಿಡುಗಡೆಯಾದ ವರ್ಷವೇ ಕಪಾಟು ಸೇರಿದವು. ಬರೆದವರಲ್ಲಿ ಜ್ಞಾನಕ್ಕೆ ಕೊರತೆ ಇರಲಿಲ್ಲ. ಬರೆದದ್ದು ಸಂಸ್ಥೆಯ ದಿನನಿತ್ಯದ ಕಾಗದಗಳ ಒಳಗೆ ಇಳಿಯಲಿಲ್ಲ. ಹಾಗಾಗಿ ಯಾವ ಯೋಜನೆಯನ್ನು ಓದಿದರೂ ನಾನು ಮೊದಲು ಕೇಳುವುದು ಒಂದೇ: ಇದು ಬಂದ ಮೇಲೆ ಯಾವ ಕಾಮಗಾರಿ ನಿಂತಿತು, ಯಾವುದರ ವಿನ್ಯಾಸ ಬದಲಾಯಿತು, ಯಾವ ಲೆಕ್ಕಶೀರ್ಷಿಕೆಯ ಹಣ ಇನ್ನಾವುದಕ್ಕೆ ಹೋಯಿತು? ಇದಕ್ಕೆ ಉತ್ತರ ಸಿಗದಿದ್ದರೆ ಆ ಪುಸ್ತಕ ಎಷ್ಟು ಅಂದವಾಗಿ ಮುದ್ರಣವಾಗಿದ್ದರೂ ಸಂಸ್ಥೆ ಮೊದಲಿನಂತೆಯೇ ನಡೆಯುತ್ತಿದೆ ಎಂದರ್ಥ.

ನಿಮ್ಮ ಸಂಸ್ಥೆಯನ್ನು ನಿಜವಾಗಿ ನಡೆಸುವ ಕಾಗದಗಳು ನಾಲ್ಕೈದು ಮಾತ್ರ. ಕಾಮಗಾರಿಯನ್ನು ಆರಿಸುವ ಮೌಲ್ಯಮಾಪನ ನಮೂನೆ, ವಾರ್ಷಿಕ ಆಯವ್ಯಯ, ವಿನ್ಯಾಸದ ಕೈಪಿಡಿ, ಟೆಂಡರ್ ದಾಖಲೆ ಮತ್ತು ನಿರ್ವಹಣೆಯ ವೇಳಾಪಟ್ಟಿ. ಸುಸ್ಥಿರತೆ ಇವುಗಳಲ್ಲಿ ಇದ್ದರೆ ಸಂಸ್ಥೆಯಲ್ಲಿ ಇದೆ. ಪ್ರತ್ಯೇಕ ಸಂಪುಟದಲ್ಲಿ ಮಾತ್ರ ಇದ್ದರೆ ಇಲ್ಲ. ಆದ್ದರಿಂದ ನಿಮ್ಮ ಆರು ತಿಂಗಳಲ್ಲಿ ಹೆಚ್ಚಿನ ಪಾಲನ್ನು ಈ ಐದು ಕಾಗದಗಳ ಮೇಲೆ ಖರ್ಚು ಮಾಡಿ ಎನ್ನುವುದೇ ನನ್ನ ಸಲಹೆಯ ಸಾರ. ಹೇಗೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು, ಹೊರಸೂಸುವ ಇಂಗಾಲ ಎಲ್ಲಿಂದ ಬರುತ್ತದೆ ಎಂಬುದರ ಅಳತೆ ಕಣ್ಣಿಗೆ ಕಾಣುವಂತಿರಲಿ. ಜಗತ್ತಿನಲ್ಲಿ ಇಂಧನ ಬಳಕೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಸಾರಿಗೆಯದು. ಅದರಲ್ಲಿ ಮುಕ್ಕಾಲು ಪಾಲಿನ ಆಸುಪಾಸು ರಸ್ತೆಯ ಮೇಲಿನದು. ಸಾರಿಗೆ ಸಂಸ್ಥೆಯೊಂದರ ಮಟ್ಟಿಗೆ ಇದನ್ನು ಮೂರು ಸುತ್ತುಗಳಾಗಿ ನೋಡಬೇಕು. ಒಳಗಿನ ಸುತ್ತಿನಲ್ಲಿ ಸಂಸ್ಥೆಯ ಸ್ವಂತ ಕಟ್ಟಡ, ಬೀದಿದೀಪ, ಇಲಾಖೆಯ ವಾಹನಗಳಿವೆ. ಎರಡನೆಯದರಲ್ಲಿ ಕಾಮಗಾರಿಗಳಿಗೆ ಸುರಿಯುವ ಸಿಮೆಂಟು, ಉಕ್ಕು, ಡಾಂಬರು, ಜಲ್ಲಿ ಬರುತ್ತವೆ. ಹೊರಗಿನ ಸುತ್ತು ನಿಮ್ಮ ರಸ್ತೆಗಳ ಮೇಲೆ ಜನ ಓಡಿಸುವ ಲಕ್ಷಾಂತರ ವಾಹನಗಳದ್ದು. ಸಾಮಾನ್ಯವಾಗಿ ಹೊರಗಿನ ಸುತ್ತು ಬಹಳ ದೊಡ್ಡದು, ಒಳಗಿನದು ಬಹಳ ಚಿಕ್ಕದು. ನೀವು ಓದಿದ ಯೋಜನೆಗಳೆಲ್ಲ ಒಳಗಿನ ಸುತ್ತಿನಲ್ಲೇ ನಿಂತಿವೆ, ಏಕೆಂದರೆ ಅಲ್ಲಿ ಯಾರ ಒಪ್ಪಿಗೆಯೂ ಬೇಕಿಲ್ಲ. ಚಾವಣಿಯ ಸೌರಫಲಕ ಒಳ್ಳೆಯದೇ, ಹಾಕಿಸಿ. ಆದರೆ ಅದಕ್ಕೆ ಅರ್ಧ ಪುಟ ಸಾಕು.

ಎರಡನೆಯ ಸುತ್ತನ್ನು ಕಡೆಗಣಿಸಬೇಡಿ. ಸಿಮೆಂಟು ತಯಾರಿಕೆಯೊಂದೇ ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟಕ್ಕೆ ಕಾರಣ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಸುಣ್ಣದ ಕಲ್ಲನ್ನು ಕಾಯಿಸಿದಾಗ ಕಲ್ಲಿನಿಂದಲೇ. ಕುಲುಮೆಗೆ ಎಷ್ಟೇ ಶುದ್ಧ ಇಂಧನ ಹಾಕಿದರೂ ಆ ಭಾಗ ತಪ್ಪುವುದಿಲ್ಲ. ಒಂದು ಮೇಲ್ಸೇತುವೆ ಕಟ್ಟಿದಾಗ ಅದರ ಮೇಲೆ ಮೊದಲ ವಾಹನ ಓಡುವುದಕ್ಕೆ ಮುನ್ನವೇ ದೊಡ್ಡದೊಂದು ಇಂಗಾಲದ ಸಾಲ ನಮ್ಮ ಲೆಕ್ಕಕ್ಕೆ ಬಿದ್ದಿರುತ್ತದೆ.

ಈಗ ಮೌಲ್ಯಮಾಪನ ನಮೂನೆಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸಂಸ್ಥೆಯ ನಿಜವಾದ ನೀತಿ ಇರುವುದು ಈ ನಮೂನೆಯ ಅಂಕಣಗಳಲ್ಲಿ. ನಿಮ್ಮ ಕಚೇರಿಯಲ್ಲಿ ಈಗ ಬಳಸುತ್ತಿರುವ ನಮೂನೆಯನ್ನು ಮೇಜಿನ ಮೇಲೆ ಹರಡಿ ನೋಡಿ. ‘ಪ್ರತಿ ವಾಹನಕ್ಕೆ ಉಳಿಯುವ ಸಮಯ’ ಎಂಬ ಅಂಕಣ ಬಹುತೇಕ ಖಚಿತವಾಗಿ ಇರುತ್ತದೆ. ಒಂದು ಕೂಡುರಸ್ತೆಯಲ್ಲಿ ಅರವತ್ತು ಜನರನ್ನು ಹೊತ್ತ ಒಂದು ಬಸ್ಸು ನಿಂತಿದೆ. ಅದರ ಮುಂದೆ ನಲವತ್ತು ಕಾರುಗಳಿವೆ, ಒಂದೊಂದರಲ್ಲಿ ಸರಾಸರಿ ಒಂದೂವರೆ ಜನ. ಎರಡೂ ಕಡೆ ಇರುವುದು ಅರವತ್ತು ಜನರೇ. ವಾಹನವನ್ನು ಎಣಿಸುವ ನಮೂನೆಗೆ ಬಸ್ಸಿನ ವಿಳಂಬ ಒಂದು, ಕಾರುಗಳ ವಿಳಂಬ ನಲವತ್ತು. ಈ ನಮೂನೆ ಕೈಯಲ್ಲಿರುವವರೆಗೆ ಬಸ್ಸಿಗೆ ಪ್ರತ್ಯೇಕ ಪಥ ಕೊಡುವ ಪ್ರಸ್ತಾವ ಎಂದೂ ಗೆಲ್ಲುವುದಿಲ್ಲ, ನಿಮ್ಮ ಯೋಜನೆಯ ಮುನ್ನುಡಿಯಲ್ಲಿ ಸಾರ್ವಜನಿಕ ಸಾರಿಗೆಯೇ ನಮ್ಮ ಆದ್ಯತೆ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ. ವಾಹನದ ಜಾಗದಲ್ಲಿ ವ್ಯಕ್ತಿಯನ್ನು ಎಣಿಸಿ. ಒಂದು ಪದದ ಬದಲಾವಣೆ. ಅದಕ್ಕೆ ಹಣ ಬೇಕಿಲ್ಲ, ಹಿರಿಯರ ಒಂದು ಸಹಿ ಬೇಕು.

ಕ್ಯಾಲಿಫೋರ್ನಿಯಾ ರಾಜ್ಯ ಇಂಥದ್ದೇ ಬದಲಾವಣೆಯನ್ನು ಕಾನೂನಿನ ಮೂಲಕ ಮಾಡಿತು. ಅಲ್ಲಿನ ಪರಿಸರ ಪರಿಶೀಲನೆಯಲ್ಲಿ ಕೂಡುರಸ್ತೆಯ ವಿಳಂಬವನ್ನೇ ದುಷ್ಪರಿಣಾಮ ಎಂದು ಲೆಕ್ಕಹಾಕುವ ಪದ್ಧತಿ ದಶಕಗಳ ಕಾಲ ಇತ್ತು. ಇದರಿಂದ ನಗರದ ಒಳಗೆ, ಬಸ್ಸು ರೈಲು ಹತ್ತಿರವಿರುವೆಡೆ ಮನೆ ಕಟ್ಟಿದರೆ ಅದು ಪರಿಸರಕ್ಕೆ ಕೆಟ್ಟದ್ದಾಗಿಯೂ, ಊರಾಚೆಯ ಖಾಲಿ ಬಯಲಿನಲ್ಲಿ ಕಟ್ಟಿದರೆ ಒಳ್ಳೆಯದಾಗಿಯೂ ತೋರುತ್ತಿತ್ತು. 2013ರಲ್ಲಿ ಆದ ಕಾನೂನು ಈ ಅಳತೆಗೋಲನ್ನು ತೆಗೆದು, ಒಂದು ಕಾಮಗಾರಿಯಿಂದ ಒಟ್ಟು ವಾಹನ ಓಡಾಟದ ದೂರ ಎಷ್ಟು ಹೆಚ್ಚುತ್ತದೆ ಎಂಬುದನ್ನು ಅಳೆಯುವಂತೆ ಮಾಡಿತು. 2020ರ ಜುಲೈಯಿಂದ ಅದು ರಾಜ್ಯದಾದ್ಯಂತ ಜಾರಿಗೆ ಬಂತು. ಅಳತೆಗೋಲು ಬದಲಾದ ಕೂಡಲೇ ಒಳ್ಳೆಯ ಕಾಮಗಾರಿ, ಕೆಟ್ಟ ಕಾಮಗಾರಿ ಎಂಬ ಪಟ್ಟಿಗಳು ಅದಲುಬದಲಾದವು.

ಓಡಾಟದ ದೂರ ಏಕೆ ಮುಖ್ಯ ಎನ್ನುವುದಕ್ಕೆ ಗಟ್ಟಿ ಆಧಾರವಿದೆ. ರಸ್ತೆ ಅಗಲ ಮಾಡಿದರೆ ದಟ್ಟಣೆ ಕರಗುತ್ತದೆ ಎಂದು ನಾವೆಲ್ಲ ಕಾಲೇಜಿನಲ್ಲಿ ಕಲಿತೆವು. 1994ರಲ್ಲಿ ಬ್ರಿಟನ್ ಸರ್ಕಾರದ ಸಲಹಾ ಸಮಿತಿಯೊಂದು, ಹೊಸ ರಸ್ತೆ ಹೊಸ ಸಂಚಾರವನ್ನು ತಾನೇ ಹುಟ್ಟಿಸುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. 2011ರಲ್ಲಿ ಅರ್ಥಶಾಸ್ತ್ರಜ್ಞರಾದ ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ನೋಡಿದಾಗ, ಹೆದ್ದಾರಿಯ ಪಥಗಳ ಒಟ್ಟು ಉದ್ದ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತ್ತು. ಇದು ವಿಚಿತ್ರವೇನಲ್ಲ. ದಾರಿ ಸಲೀಸಾದರೆ ಬೆಳಿಗ್ಗೆ ಬೇಗ ಹೊರಡುತ್ತಿದ್ದವರು ತಡವಾಗಿ ಹೊರಡುತ್ತಾರೆ, ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ಮನೆ ಹುಡುಕುವವರು ಇನ್ನಷ್ಟು ದೂರ ಹೋಗುತ್ತಾರೆ. ನಿಮ್ಮ ಸಂಚಾರ ಅಂದಾಜಿನಲ್ಲಿ ಈ ಹೊಸ ಸಂಚಾರದ ಲೆಕ್ಕ ಇದೆಯೇ ಎಂದು ಸಂಬಂಧಪಟ್ಟವರನ್ನು ಇವತ್ತೇ ಕೇಳಿ. ಅದಿಲ್ಲದ ಅಂದಾಜಿನಿಂದ ಹೊರಬರುವ ಇಂಗಾಲದ ಲೆಕ್ಕ ತಳದಲ್ಲೇ ತಪ್ಪು. ರಸ್ತೆ ಅಗಲವಾದ ಮೇಲೆ ವಾಹನಗಳು ನಿಲ್ಲದೆ ಓಡುವುದರಿಂದ ಹೊಗೆ ಕಡಿಮೆಯಾಗುತ್ತದೆ ಎಂದು ಬರೆದ ವರದಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಓದುವಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಬರೆದವರಿಗೆ ದುರುದ್ದೇಶವಿರುವುದಿಲ್ಲ. ಅವರ ಕೈಗೆ ಸಿಕ್ಕ ನಮೂನೆಯೇ ಆ ಉತ್ತರ ಕೊಡುತ್ತದೆ.

ನಮೂನೆಯಲ್ಲಿ ಇನ್ನೊಂದು ಸಂಖ್ಯೆಯನ್ನೂ ಹುಡುಕಿ. ಭವಿಷ್ಯದ ಲಾಭವನ್ನು ಇಂದಿನ ಬೆಲೆಗೆ ಇಳಿಸುವ ವಾರ್ಷಿಕ ದರ ಅದು. ಶೇ 8ರ ದರದಲ್ಲಿ ಮೂವತ್ತು ವರ್ಷಗಳ ನಂತರ ಸಿಗುವ 100ರ ಲಾಭ ಇಂದಿನ ಲೆಕ್ಕದಲ್ಲಿ ಸುಮಾರು 10. ಶೇ 3ರ ದರದಲ್ಲಿ ಅದೇ ಲಾಭ ಸುಮಾರು 41. ಸೇತುವೆಯ ಅಡಿಪಾಯವನ್ನು ಒಂದು ಮೀಟರು ಆಳ ಮಾಡುವುದು, ಚರಂಡಿಯನ್ನು ದೊಡ್ಡದು ಮಾಡುವುದು, ನೆರಳಿನ ಮರಗಳನ್ನು ಉಳಿಸಿಕೊಂಡು ರಸ್ತೆ ತಿರುಗಿಸುವುದು ಇವೆಲ್ಲ ದೂರದ ವರ್ಷಗಳಲ್ಲಿ ಫಲ ಕೊಡುವ ಕೆಲಸಗಳು. ಹೆಚ್ಚಿನ ದರ ಇವನ್ನೆಲ್ಲ ಸದ್ದಿಲ್ಲದೆ ಅಳಿಸಿಹಾಕುತ್ತದೆ. ಬ್ರಿಟನ್ನಿನ ಖಜಾನೆ ಶೇ 3.5ರ ದರ ಬಳಸಿ, ಮೂವತ್ತು ವರ್ಷ ದಾಟಿದ ಲಾಭಗಳಿಗೆ ಅದನ್ನು ಇನ್ನೂ ಇಳಿಸುತ್ತದೆ. ಈ ದರವನ್ನು ಬದಲಿಸುವ ಅಧಿಕಾರ ನಿಮಗೆ ಇರುವುದಿಲ್ಲ, ಹಣಕಾಸು ವಿಭಾಗದ್ದು ಅದು. ಆದರೆ ಎರಡು ದರಗಳಲ್ಲೂ ಲೆಕ್ಕ ಮಾಡಿ ಅಕ್ಕಪಕ್ಕ ತೋರಿಸುವುದನ್ನು ಯಾರೂ ತಡೆಯುವುದಿಲ್ಲ.

ಕಾಮಗಾರಿಗಳನ್ನು ಆರಿಸುವ ಕ್ರಮಕ್ಕೆ ನಾನು ಕಂಡ ಅತ್ಯಂತ ಉಪಯುಕ್ತ ಮಾದರಿ ಸ್ವೀಡನ್ನಿನ ನಾಲ್ಕು ಹೆಜ್ಜೆಗಳ ತತ್ವ. ಅಲ್ಲಿನ ರಸ್ತೆ ಆಡಳಿತ 1990ರ ದಶಕದ ಕೊನೆಯಲ್ಲಿ ರೂಪಿಸಿದ ಇದು ಇಂದಿಗೂ ಬಳಕೆಯಲ್ಲಿದೆ. ಒಂದು ಸಮಸ್ಯೆ ಬಂದಾಗ ಮೊದಲು, ಆ ಪ್ರಯಾಣದ ಅಗತ್ಯವನ್ನೇ ಕಡಿಮೆ ಮಾಡಬಹುದೇ ಅಥವಾ ಬೇರೆ ವಿಧಾನಕ್ಕೆ ಬದಲಿಸಬಹುದೇ ಎಂದು ನೋಡಬೇಕು. ಆಗದಿದ್ದರೆ ಇರುವ ವ್ಯವಸ್ಥೆಯನ್ನೇ ಇನ್ನಷ್ಟು ಚೆನ್ನಾಗಿ ಬಳಸಬೇಕು. ಅದೂ ಸಾಲದಿದ್ದರೆ ಸಣ್ಣ ಮಟ್ಟದ ಮಾರ್ಪಾಡು. ಇವು ಮೂರೂ ಸಾಲದಿದ್ದಾಗ ಮಾತ್ರ ಹೊಸ ನಿರ್ಮಾಣ. ಹೇಳಲು ಎಷ್ಟು ಸರಳ! ಆದರೆ ಹೆಚ್ಚಿನ ಸಂಸ್ಥೆಗಳಲ್ಲಿ ಕಡತ ಹುಟ್ಟುವುದೇ ನಾಲ್ಕನೆಯ ಹೆಜ್ಜೆಯಲ್ಲಿ. ‘ಮೇಲ್ಸೇತುವೆ ನಿರ್ಮಾಣದ ಬಗ್ಗೆ’ ಎಂದು ವಿಷಯ ಬರೆದ ಮೇಲೆ ಆ ಕಡತದಲ್ಲಿ ಬೇರೆ ಯಾವ ಉತ್ತರಕ್ಕೂ ಜಾಗವಿರುವುದಿಲ್ಲ. ‘ಬೆಳಗಿನ ಹೊತ್ತು ಈ ಕೂಡುರಸ್ತೆಯಲ್ಲಿ ಜನರಿಗಾಗುವ ವಿಳಂಬದ ಬಗ್ಗೆ’ ಎಂದು ವಿಷಯ ಬರೆಯುವಂತೆ ನಿಯಮ ಮಾಡಿಸಿ. ಜೊತೆಗೆ ಮೊದಲ ಮೂರು ಹೆಜ್ಜೆಗಳನ್ನು ಏಕೆ ಕೈಬಿಡಲಾಯಿತು ಎಂಬುದಕ್ಕೆ ಒಂದೊಂದು ಪುಟದ ವಿವರಣೆ ಕಡ್ಡಾಯವಾಗಲಿ.

ಬೇಡ ಎನ್ನುವ ಧೈರ್ಯ ಸರ್ಕಾರವೊಂದಕ್ಕೆ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ವೇಲ್ಸ್ ಉದಾಹರಣೆ. ಅಲ್ಲಿ 2015ರಲ್ಲಿ ಮುಂದಿನ ಪೀಳಿಗೆಗಳ ಯೋಗಕ್ಷೇಮಕ್ಕಾಗಿ ಒಂದು ಕಾಯ್ದೆ ಬಂತು. 2021ರಲ್ಲಿ ಸರ್ಕಾರ ಹೊಸ ರಸ್ತೆ ಕಾಮಗಾರಿಗಳನ್ನು ತಡೆಹಿಡಿದು, ಐವತ್ತಕ್ಕೂ ಹೆಚ್ಚು ಕಾಮಗಾರಿಗಳನ್ನು ಸ್ವತಂತ್ರ ಸಮಿತಿಯ ಮುಂದಿಟ್ಟಿತು. 2023ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾದಾಗ ಅವುಗಳಲ್ಲಿ ಹೆಚ್ಚಿನವು ಮುಂದೆ ಹೋಗಲಿಲ್ಲ. ಮುಂದೆ ರಸ್ತೆ ಕಟ್ಟಬೇಕಾದರೆ ಅದು ಕಾರಿನ ಸಾಮರ್ಥ್ಯ ಹೆಚ್ಚಿಸಬಾರದು, ಹೊಗೆ ಹೆಚ್ಚುವಂತೆ ವೇಗ ಏರಿಸಬಾರದು, ನಿರ್ಮಾಣದ ಇಂಗಾಲ ಕನಿಷ್ಠವಾಗಿರಬೇಕು, ಪರಿಸರದ ದೃಷ್ಟಿಯಿಂದ ಅಮೂಲ್ಯವಾದ ಜಾಗಗಳಿಗೆ ಹಾನಿಯಾಗಬಾರದು ಎಂಬ ನಾಲ್ಕು ಷರತ್ತುಗಳನ್ನೂ ಹಾಕಿದರು. ಇದಕ್ಕೆ ವಿರೋಧವೂ ಜೋರಾಗಿಯೇ ಬಂತು. ನಿಮ್ಮ ಸಂಸ್ಥೆಗೆ ಅಷ್ಟು ದೂರ ಹೋಗಲು ಆಗದಿರಬಹುದು. ಆದರೆ ಷರತ್ತುಗಳು ಎಷ್ಟು ಚಿಕ್ಕವು, ಎಷ್ಟು ಖಚಿತ ಎನ್ನುವುದನ್ನು ಗಮನಿಸಿ. ಒಬ್ಬ ಕಿರಿಯ ಎಂಜಿನಿಯರ್ ಕೂಡ ಓದಿ, ತನ್ನ ಕಾಮಗಾರಿ ಇದನ್ನು ದಾಟುತ್ತದೆಯೇ ಇಲ್ಲವೇ ಎಂದು ಹೇಳಬಹುದು.

ಇನ್ನು ನಿರ್ವಹಣೆ. ನನ್ನ ಮಟ್ಟಿಗೆ ಸುಸ್ಥಿರತೆಯ ಅರ್ಧ ಭಾಗ ಇಲ್ಲೇ ಇದೆ, ಅತ್ಯಂತ ಕಡಿಮೆ ಗೌರವ ಸಿಗುವುದೂ ಇದಕ್ಕೇ. ಒಮ್ಮೆ ನಾನು ನಿರ್ವಹಣಾ ವಿಭಾಗದ ಮೇಲ್ವಿಚಾರಕರೊಬ್ಬರ ಜೊತೆ ರಸ್ತೆಯೊಂದರ ಉದ್ದಕ್ಕೂ ನಡೆದೆ. ಎಂಟು ವರ್ಷಗಳಲ್ಲಿ ಅದೇ ಇನ್ನೂರು ಮೀಟರಿಗೆ ನಾಲ್ಕು ಬಾರಿ ಡಾಂಬರು ಹಾಕಿದ್ದರು. ಮೇಲಿನ ಪದರ ಮೊಸಳೆಯ ಚರ್ಮದಂತೆ ಬಿರುಕು ಬಿಟ್ಟಿತ್ತು. ಅವರು ಏನೂ ಹೇಳದೆ ಪಕ್ಕದ ಇಳಿಜಾರಿಗೆ ಇಳಿದು, ಹುಲ್ಲು ಸರಿಸಿ, ಮೋರಿಯ ಬಾಯಿಗೆ ಕಬ್ಬಿಣದ ಸಲಾಕೆ ತೂರಿಸಿದರು. ಒಂದು ಗೇಣು ಒಳಗೆ ಹೋಗಿ ಸಲಾಕೆ ನಿಂತಿತು. ಮೋರಿ ಪೂರ್ತಿ ಹೂಳು ತುಂಬಿತ್ತು. ಮಳೆ ಬಂದಾಗ ನೀರು ಹೋಗಲು ದಾರಿಯಿಲ್ಲದೆ ರಸ್ತೆಯ ತಳಪಾಯದಲ್ಲಿ ಇಂಗುತ್ತಿತ್ತು. ನೆನೆದ ಮಣ್ಣಿನ ಮೇಲೆ ಭಾರದ ಲಾರಿ ಹೋದಾಗಲೆಲ್ಲ ಡಾಂಬರು ಬಾಗಿ ಒಡೆಯುತ್ತಿತ್ತು. ಹೊಸ ಡಾಂಬರಿಗೆ ನಾಲ್ಕು ಸಲ ಮಂಜೂರಾತಿ ಸಿಕ್ಕಿತ್ತು, ಹೂಳೆತ್ತಲು ಒಮ್ಮೆಯೂ ಇಲ್ಲ. ಎರಡೂ ಬೇರೆ ಬೇರೆ ಲೆಕ್ಕಶೀರ್ಷಿಕೆಗಳು. ಒಂದರಲ್ಲಿ ಹಣವಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಆ ಸಲಾಕೆ ನನಗೆ ಎಷ್ಟೋ ತರಬೇತಿಗಳಿಗಿಂತ ಹೆಚ್ಚು ಕಲಿಸಿತು. ನಾಲ್ಕು ಬಾರಿ ಸುರಿದ ಡಾಂಬರು, ಜಲ್ಲಿ, ಅವನ್ನು ಕಾಯಿಸಲು ಉರಿಸಿದ ಎಣ್ಣೆ, ಸಾಗಿಸಿದ ಲಾರಿಗಳು ಎಲ್ಲವೂ ಹೂಳು ತುಂಬಿದ ಒಂದು ಮೋರಿಯ ಲೆಕ್ಕಕ್ಕೆ ಸೇರಬೇಕಿತ್ತು. ನಿಮ್ಮ ಯೋಜನೆಯಲ್ಲಿ ನಿರ್ವಹಣೆಗೆ ಮೀಸಲಾದ, ಬೇರೆಡೆಗೆ ತಿರುಗಿಸಲಾಗದ ಒಂದು ಪಾಲನ್ನು ಆಯವ್ಯಯದಲ್ಲಿ ಕೇಳಿ. ಹೊಸ ಆಸ್ತಿ ಕಟ್ಟುವ ಪ್ರತಿ ಪ್ರಸ್ತಾವದ ಜೊತೆ ಮುಂದಿನ ಮೂವತ್ತು ವರ್ಷಗಳ ನಿರ್ವಹಣೆಯ ಖರ್ಚು ಯಾರದು, ಎಷ್ಟು ಎಂಬ ಸಾಲು ಇರಲೇಬೇಕು.

ಭಾರದ ವಾಹನಗಳ ವಿಷಯವೂ ಇಲ್ಲೇ ಬರುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ, ಗಾಲಿಯ ಅಚ್ಚಿನ (ಆಕ್ಸಲ್‌ನ) ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆ ಎಂದು ತಿಳಿದುಬಂತು. ಎಂಟು ಟನ್ನಿನ ಅಚ್ಚಿನ ಮೇಲೆ ಹತ್ತು ಟನ್ ಹೇರಿದರೆ ಭಾರ ಹೆಚ್ಚಿದ್ದು ಕಾಲು ಭಾಗ, ಹಾನಿ ಮಾತ್ರ ಮೊದಲಿನ ಎರಡೂವರೆ ಪಟ್ಟಿನ ಹತ್ತಿರ. ಅಂದರೆ ಭಾರ ತೂಗುವ ನಾಕೆಗಳನ್ನು ಪ್ರಾಮಾಣಿಕವಾಗಿ ನಡೆಸುವುದು ಸುಸ್ಥಿರತೆಯ ಕ್ರಮವೇ. ಯಾವ ಯೋಜನಾ ಪುಸ್ತಕದಲ್ಲೂ ಇದು ಹಸಿರು ಬಣ್ಣದಲ್ಲಿ ಅಚ್ಚಾಗುವುದಿಲ್ಲ. ನೀವು ಹಾಕಿಸಿ.

ವಿನ್ಯಾಸದ ಕೈಪಿಡಿಯ ಬಗ್ಗೆ ಎರಡು ಮಾತು. ಮೋರಿ, ಸೇತುವೆಗಳ ಗಾತ್ರವನ್ನು ಹಳೆಯ ಮಳೆಯ ಕೋಷ್ಟಕ ನೋಡಿ ನಿರ್ಧರಿಸುತ್ತೇವೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ, ಹಾಗಾಗಿ ಸುರಿದರೆ ಜೋರಾಗಿ ಸುರಿಯುತ್ತದೆ. ಕೋಷ್ಟಕ ಯಾವ ವರ್ಷದವರೆಗಿನ ಮಾಹಿತಿಯದು ಎಂದು ತೆಗೆದು ನೋಡಿ. ಅರವತ್ತು ವರ್ಷ ಬಾಳಬೇಕಾದ ಸೇತುವೆಗೆ ಮೂವತ್ತು ವರ್ಷ ಹಿಂದೆ ನಿಂತುಹೋದ ಕೋಷ್ಟಕ ಸಾಲದು.

ಎರಡನೆಯದು ದಾಟುಪಟ್ಟಿಯ ಹಸಿರು ದೀಪ. ಕೈಪಿಡಿಗಳಲ್ಲಿ ನಡೆಯುವವರ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುವುದು ರೂಢಿ. ಹದಿನೆಂಟು ಮೀಟರ್ ಅಗಲದ ರಸ್ತೆಗೆ ಹದಿನೈದು ಸೆಕೆಂಡ್. ಕೈಯಲ್ಲಿ ಚೀಲ ಹಿಡಿದ, ಮಂಡಿ ನೋಯುವ ವೃದ್ಧೆ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ ಇಪ್ಪತ್ತೆರಡು ಸೆಕೆಂಡಿಗೂ ಹೆಚ್ಚು ಬೇಕು. ಹದಿನೈದನೆಯ ಸೆಕೆಂಡಿಗೆ ಅವರು ರಸ್ತೆಯ ಮೂರನೆಯ ಎರಡು ಭಾಗವನ್ನು ದಾಟಿರುತ್ತಾರೆ, ಎದುರಿನ ವಾಹನಗಳು ಹಾರನ್ ಒತ್ತಲು ಆರಂಭಿಸಿರುತ್ತವೆ. ಅವರು ಮರುದಿನದಿಂದ ಆ ರಸ್ತೆ ದಾಟುವುದನ್ನೇ ಬಿಡುತ್ತಾರೆ, ಅಥವಾ ಮನೆಯವರನ್ನು ಕಾರಿನಲ್ಲಿ ಬಿಡಲು ಕೇಳುತ್ತಾರೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್ಲಂಡ್ ಆಯೋಗ ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆ ಕೊಟ್ಟಾಗ, ಮುಂದಿನ ಪೀಳಿಗೆಯ ಜೊತೆಗೆ ಇಂದಿನವರ ಅಗತ್ಯ ಪೂರೈಸುವುದನ್ನೂ, ಅದರಲ್ಲೂ ಬಡವರ ಅಗತ್ಯಕ್ಕೆ ಆದ್ಯತೆ ಕೊಡುವುದನ್ನೂ ಸೇರಿಸಿತ್ತು. ಆ ಏಳು ಸೆಕೆಂಡುಗಳು ಆ ವ್ಯಾಖ್ಯೆಯ ಒಳಗೆ ಬರುತ್ತವೆ. ಇಂಗಾಲವನ್ನು ಮಾತ್ರ ಅಳೆಯುವ ಯೋಜನೆಗೆ ಅವು ಕಾಣುವುದಿಲ್ಲ.

ಟೆಂಡರ್ ದಾಖಲೆಗೆ ನೆದರ್ಲೆಂಡ್ಸ್ ಒಳ್ಳೆಯ ದಾರಿ ತೋರಿದೆ. ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಮತ್ತು ಜಲಮಾರ್ಗ ಸಂಸ್ಥೆಯಾದ ರೈಕ್ಸ್‌ವಾಟರ್‌ಸ್ಟಾಟ್, ಬಿಡ್ ಮಾಡುವವರು ಬಳಸುವ ಸಾಮಗ್ರಿಗಳ ಜೀವಿತಾವಧಿಯ ಪರಿಸರ ಹಾನಿಯನ್ನು ಡುಬೋಕಾಲ್ಕ್ ಎಂಬ ತಂತ್ರಾಂಶದಿಂದ ಹಣದ ರೂಪದಲ್ಲಿ ಲೆಕ್ಕ ಮಾಡಿಸುತ್ತದೆ. ಬಿಡ್‌ಗಳನ್ನು ಹೋಲಿಸುವಾಗ ಬೆಲೆಯ ಜೊತೆ ಅದನ್ನೂ ಪರಿಗಣಿಸುತ್ತದೆ. ಅತಿ ಕಡಿಮೆ ಬೆಲೆಯವರೇ ಗೆಲ್ಲಬೇಕೆಂದಿಲ್ಲ. ಇಂಗಾಲ ಉಳಿಸಿದವರಿಗೆ ಗೆಲ್ಲುವ ಅವಕಾಶವಿದೆ ಎಂದು ತಿಳಿದ ಕೂಡಲೇ ಗುತ್ತಿಗೆದಾರರೇ ಹೊಸ ಉಪಾಯ ಹುಡುಕುತ್ತಾರೆ. ನಿಮಗೆ ಅಂಥ ತಂತ್ರಾಂಶ ಇಲ್ಲದಿದ್ದರೆ ಚಿಕ್ಕದರಿಂದ ಆರಂಭಿಸಿ. ಹಳೆಯ ಡಾಂಬರನ್ನು ಕೆರೆದು ಮರುಬಳಸಲು ಅನುಮತಿಸುವ ವಾಕ್ಯ ನಿಮ್ಮ ತಾಂತ್ರಿಕ ನಿರ್ದಿಷ್ಟತೆಯಲ್ಲಿ ಇದೆಯೇ? ಸಾಮಾನ್ಯ ಬಿಸಿ ಮಿಶ್ರಣಕ್ಕಿಂತ 20ರಿಂದ 40 ಡಿಗ್ರಿ ಕಡಿಮೆ ಉಷ್ಣಾಂಶದಲ್ಲಿ ತಯಾರಾಗುವ ಡಾಂಬರು ಮಿಶ್ರಣವನ್ನು ಬಳಸಬಹುದೇ? ಎಷ್ಟೋ ಕಡೆ ಗುತ್ತಿಗೆದಾರರಿಗೆ ಮನಸ್ಸಿದ್ದರೂ ಹಳೆಯ ನಿರ್ದಿಷ್ಟತೆ ಬಿಡುವುದಿಲ್ಲ.

ವಿದ್ಯುತ್ ಬಸ್ಸಿನ ಪ್ರಶ್ನೆಗೆ ಈಗ ಬರುತ್ತೇನೆ. ವಿದ್ಯುತ್ ಬಸ್ಸು ಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಚೀನಾದ ಶೆನ್ಜೆನ್ ನಗರ 2017ರ ಕೊನೆಯ ಹೊತ್ತಿಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಪೂರ್ತಿ ವಿದ್ಯುತ್ತಿಗೆ ಬದಲಿಸಿ, ಇದು ಸಾಧ್ಯ ಎಂದು ತೋರಿಸಿತು. ಆದರೆ ಬಸ್ಸು ಕೊಳ್ಳುವುದು ಈ ಕೆಲಸದ ಸುಲಭದ ಭಾಗ. ಡಿಪೋಗೆ ಸಾಕಷ್ಟು ಸಾಮರ್ಥ್ಯದ ವಿದ್ಯುತ್ ಸಂಪರ್ಕ, ಚಾರ್ಜಿಂಗ್‌ಗೆ ಜಾಗ, ರಾತ್ರಿ ಯಾವ ಬಸ್ಸು ಯಾವ ಸರದಿಯಲ್ಲಿ ಚಾರ್ಜ್ ಆಗಬೇಕೆಂಬ ಪಟ್ಟಿ, ಅತಿ ಬಿಸಿ ಅಥವಾ ಅತಿ ಚಳಿಯ ದಿನ ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂಬ ಲೆಕ್ಕ, ಮೆಕ್ಯಾನಿಕ್‌ಗಳ ತರಬೇತಿ ಇವೆಲ್ಲ ಬಸ್ಸಿಗಿಂತ ಮೊದಲು ಆಗಬೇಕು. ವಿದ್ಯುತ್ ಸಂಪರ್ಕದ ಅರ್ಜಿಯನ್ನು ಬಸ್ಸಿನ ಟೆಂಡರಿಗಿಂತ ಬಹಳ ಮುಂಚೆ ಹಾಕಿ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಬಸ್ಸು ಡೀಸೆಲ್‌ನದೋ ವಿದ್ಯುತ್ತಿನದೋ ಎನ್ನುವುದಕ್ಕಿಂತ ಅದು ಎಷ್ಟು ನಿಮಿಷಕ್ಕೊಂದು ಬರುತ್ತದೆ ಎನ್ನುವುದರ ಮೇಲೆ ಜನ ಕಾರು, ಬೈಕು ಬಿಡುತ್ತಾರೋ ಇಲ್ಲವೋ ನಿಂತಿದೆ. ಇಪ್ಪತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಸರಾಸರಿ ಕಾಯುವುದು ಹತ್ತು ನಿಮಿಷ. ಹತ್ತು ನಿಮಿಷಕ್ಕೊಂದು ಇದ್ದರೆ ಐದು, ವೇಳಾಪಟ್ಟಿ ನೋಡುವ ಅಗತ್ಯವೂ ತಪ್ಪುತ್ತದೆ. ಇರುವ ಹಣವನ್ನೆಲ್ಲ ಕೆಲವೇ ದುಬಾರಿ ವಿದ್ಯುತ್ ಬಸ್ಸುಗಳಿಗೆ ಹಾಕಿ, ಒಟ್ಟು ಟ್ರಿಪ್‌ಗಳು ಕಡಿಮೆಯಾಗಿ, ಕಾದು ಬೇಸತ್ತವರು ಬೈಕು ಕೊಂಡರೆ ನಿಮ್ಮ ಡಿಪೋದ ಹೊಗೆ ಇಳಿಯುತ್ತದೆ, ರಸ್ತೆಯ ಹೊಗೆ ಏರುತ್ತದೆ. ಹಾಗಾಗಿ ಟ್ರಿಪ್‌ಗಳ ಸಂಖ್ಯೆ ಇಳಿಯದಂತೆ ಬಸ್ಸುಗಳನ್ನು ಬದಲಿಸುತ್ತೇವೆ ಎಂಬ ಷರತ್ತನ್ನು ಯೋಜನೆಯಲ್ಲೇ ಬರೆಯಿರಿ. ಮತ್ತು ಬಸ್ ಪಥವನ್ನು ಮೊದಲು ಮಾಡಿ. ದಟ್ಟಣೆಯಲ್ಲಿ ಸಿಕ್ಕಿಕೊಳ್ಳದ ಬಸ್ಸು ಅದೇ ಚಾಲಕ, ಅದೇ ಪಾಳಿಯಲ್ಲಿ ಹೆಚ್ಚು ಟ್ರಿಪ್ ಮಾಡುತ್ತದೆ.

ಜನರ ಒಪ್ಪಿಗೆಯ ವಿಷಯದಲ್ಲಿ ಸ್ಟಾಕ್‌ಹೋಮ್ ನಗರದ ಕ್ರಮವನ್ನು ನೋಡಿ. ಅಲ್ಲಿ ನಗರದೊಳಗೆ ಬರುವ, ಹೋಗುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕುವ ಮೊದಲು, 2005ರ ಆಗಸ್ಟ್‌ನಲ್ಲೇ ಹೆಚ್ಚುವರಿ ಬಸ್ ಸೇವೆ ಆರಂಭಿಸಿದರು. 2006ರ ಜನವರಿಯಿಂದ ಜುಲೈವರೆಗೆ ಶುಲ್ಕದ ಪ್ರಯೋಗ ನಡೆಯಿತು. ಗಡಿ ದಾಟುವ ವಾಹನಗಳು ಶೇ 20ರ ಆಸುಪಾಸು ಕಡಿಮೆಯಾದವು. ಪ್ರಯೋಗ ಮುಗಿಸಿ, ಶುಲ್ಕ ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಜನಮತ ಕೇಳಿದರು. ಆರಂಭದಲ್ಲಿ ವಿರೋಧಿಸಿದ್ದ ನಗರದ ಜನ ಬಹುಮತದಿಂದ ಒಪ್ಪಿದರು, 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು. ಶುಲ್ಕದ ಪ್ರಮಾಣಕ್ಕಿಂತ ಕೆಲಸಗಳ ಅನುಕ್ರಮವನ್ನು ಇದರಿಂದ ಕಲಿಯಿರಿ. ಮೊದಲು ಪರ್ಯಾಯ ಕೊಟ್ಟರು, ನಂತರ ಬೆಲೆ ಹಾಕಿದರು, ಜನ ಸ್ವತಃ ಅನುಭವಿಸಿದ ಮೇಲೆ ಅಭಿಪ್ರಾಯ ಕೇಳಿದರು. ಸಂಸ್ಥೆಗಳು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ.

ಅಳತೆಯ ಬಗ್ಗೆ ಕೇಳಿದ್ದೀರಿ. ಎಂಬತ್ತು ಸೂಚಕಗಳ ಪಟ್ಟಿ ಮಾಡಬೇಡಿ, ಅದನ್ನು ತುಂಬಲು ಒಬ್ಬರು ಬೇಕಾಗುತ್ತಾರೆ, ಓದಲು ಯಾರೂ ಇರುವುದಿಲ್ಲ. ಜನರ ತಲಾ ಲೆಕ್ಕದಲ್ಲಿ ವಾಹನ ಓಡಾಟದ ದೂರ, ಕಾರು ಅಥವಾ ಬೈಕು ಇಲ್ಲದೆ ನಲವತ್ತೈದು ನಿಮಿಷದಲ್ಲಿ ಆಸ್ಪತ್ರೆ ತಲುಪಬಲ್ಲ ಜನರ ಪ್ರಮಾಣ, ಒಳ್ಳೆಯ ಸ್ಥಿತಿಯಲ್ಲಿರುವ ರಸ್ತೆ ಮತ್ತು ಸೇತುವೆಗಳ ಪಾಲು, ಕಾಮಗಾರಿಗಳಲ್ಲಿ ಬಳಸಿದ ಸಾಮಗ್ರಿಯ ಇಂಗಾಲ, ರಸ್ತೆಯಲ್ಲಿ ಸತ್ತವರ ಮತ್ತು ತೀವ್ರವಾಗಿ ಗಾಯಗೊಂಡವರ ಸಂಖ್ಯೆ. ಈ ಐದು ಸಾಕು. ಕೊನೆಯದು ಇಲ್ಲಿ ಏಕೆ ಎಂದು ಯಾರಾದರೂ ಕೇಳಿದರೆ, ನಡೆಯಲು ಹೆದರುವ ಊರಿನಲ್ಲಿ ಯಾರೂ ವಾಹನ ಬಿಡುವುದಿಲ್ಲ ಎಂದು ಹೇಳಿ. ಸ್ವೀಡನ್ ಸಂಸತ್ತು 1997ರಲ್ಲೇ ರಸ್ತೆಯಲ್ಲಿ ಒಂದು ಸಾವೂ ಒಪ್ಪತಕ್ಕದ್ದಲ್ಲ ಎಂಬ ಗುರಿಯನ್ನು ಅಂಗೀಕರಿಸಿ, ಅದರ ಹೊಣೆಯನ್ನು ವಿನ್ಯಾಸ ಮಾಡುವವರ ಮೇಲೂ ಹೊರಿಸಿತು. ಪ್ರತಿ ಸೂಚಕದ ಪಕ್ಕದಲ್ಲಿ ಒಬ್ಬ ಅಧಿಕಾರಿಯ ಹುದ್ದೆ ಬರೆದಿರಲಿ. ವಿಭಾಗದ ಹೆಸರು ಬರೆದರೆ ಹೊಣೆ ಯಾರದೂ ಆಗುವುದಿಲ್ಲ.

ಸಂಸ್ಥೆಯೊಳಗೆ ನಿಮ್ಮ ಜಾಗ ಎಲ್ಲಿ ಎನ್ನುವುದೂ ಮುಖ್ಯ. ಈ ಕೆಲಸವನ್ನು ಪ್ರಚಾರ ವಿಭಾಗದ ಕೆಳಗೆ ಇಟ್ಟರೆ ಒಪ್ಪಿಕೊಳ್ಳಬೇಡಿ. ಯೋಜನೆ ಮತ್ತು ಆಯವ್ಯಯ ವಿಭಾಗದ ಜೊತೆ ಕುಳಿತುಕೊಳ್ಳಲು ಕೇಳಿ. ದೊಡ್ಡ ಕಾಮಗಾರಿಗಳ ಕಡತ ಮಂಜೂರಾತಿಗೆ ಹೋಗುವ ದಾರಿಯಲ್ಲಿ ನಿಮ್ಮ ಮೇಜಿಗೂ ಬಂದು ಹೋಗಬೇಕು. ತಡೆಯುವ ಅಧಿಕಾರ ಕೊಡದಿದ್ದರೂ ಅಭಿಪ್ರಾಯ ಬರೆಯುವ ಅಧಿಕಾರವನ್ನಾದರೂ ಪಡೆಯಿರಿ. ಕಡತದಲ್ಲಿ ಬರೆದ ಒಂದು ಪ್ಯಾರಾಕ್ಕೆ ಮುಂದಿನವರು ಉತ್ತರಿಸಲೇಬೇಕಾಗುತ್ತದೆ.

ಮೊದಲ ತಿಂಗಳು ಏನೂ ಬರೆಯಬೇಡಿ. ಕಳೆದ ಐದು ವರ್ಷಗಳಲ್ಲಿ ಮಂಜೂರಾದ ಅತಿ ದೊಡ್ಡ ಇಪ್ಪತ್ತು ಕಾಮಗಾರಿಗಳ ಕಡತ ತರಿಸಿ. ಒಂದೊಂದೂ ನಾಲ್ಕು ಹೆಜ್ಜೆಗಳಲ್ಲಿ ಎಲ್ಲಿ ಹುಟ್ಟಿತು, ವಾಹನ ಎಣಿಸಿದರೋ ಜನರನ್ನೋ, ಹೊಸ ಸಂಚಾರದ ಲೆಕ್ಕ ಇತ್ತೋ, ನಿರ್ವಹಣೆಯ ಸಾಲು ಇತ್ತೋ ಎಂದು ಒಂದೇ ಹಾಳೆಯಲ್ಲಿ ಗುರುತು ಹಾಕಿ. ಆ ಹಾಳೆಯನ್ನು ಹಿಡಿದು ಮೊದಲು ನಿರ್ವಹಣಾ ವಿಭಾಗದ ಮೇಲ್ವಿಚಾರಕರ ಬಳಿ ಹೋಗಿ, ಮೇಲಧಿಕಾರಿಗಳ ಬಳಿ ಆಮೇಲೆ. ಯಾವ ಮೋರಿಯ ಬಾಯಿ ಕಟ್ಟಿದೆ ಎಂದು ಅವರಿಗೆ ಗೊತ್ತಿರುತ್ತದೆ. ಈವರೆಗೆ ಅವರನ್ನು ಯಾರೂ ಕೇಳಿರುವುದಿಲ್ಲ.